ಕಾನ್ಫಿಗ್ ರಾಯರು

ಕಾನ್ಫಿಗ್ ರಾಯರು ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಆಫೀಸಿನ ಹುಡುಗರು ಇಟ್ಟದ್ದು. ಬೆಂಗಳೂರಿನ ಯಾವ ಟೆಕ್ ಪಾರ್ಕಿಗಾದರೂ ಹೋಗಿ, ಲಿಫ್ಟಿನಿಂದ ಯಾವ ಮಹಡಿಯಲ್ಲಾದರೂ ಇಳಿಯಿರಿ, ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಮೇಜಿನ ಮೇಲೆ ಖಟಖಟ ಸದ್ದು ಮಾಡುವ ದುಬಾರಿ ಕೀಬೋರ್ಡು. ಅದರ ಕ್ಯಾಪ್ಸ್ ಲಾಕ್ ಕೀಲಿಗೆ ಕಂಟ್ರೋಲಿನ ಕೆಲಸ ವಹಿಸಿ ಎಷ್ಟೋ ವರ್ಷವಾಗಿರುವುದರಿಂದ ಅವರ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅಕ್ಕಪಕ್ಕದ ಹುಡುಗರು ವಿಎಸ್ ಕೋಡ್‌ನಲ್ಲಿ ಕೆಲಸ ಮುಗಿಸಿ ಕ್ಯಾಬ್ ಹತ್ತಿದ ಮೇಲೂ ರಾಯರು ಕಪ್ಪು ಪರದೆಯ ಮುಂದೆ ಹುಬ್ಬು ಗಂಟಿಕ್ಕಿಕೊಂಡು ಕೂತಿರುತ್ತಾರೆ. ‘ಎಷ್ಟು ನಿಷ್ಠೆ ನೋಡಿ’ ಎಂದು ಮ್ಯಾನೇಜರು ಮೆಚ್ಚಿಕೊಂಡದ್ದೂ ಉಂಟು. ಪರದೆಯ ಮೇಲಿರುವುದು ಕಂಪನಿಯ ಕೋಡ್ ಅಲ್ಲ, ಇನಿಟ್ ಡಾಟ್ ಇಎಲ್ ಎನ್ನುವುದು ಪಾಪ ಅವರಿಗೇನು ಗೊತ್ತು.

ಇದು ಈಮ್ಯಾಕ್ಸ್ ಎಂಬ ಎಡಿಟರಿನ ಸಂರಚನಾ ಕಡತ. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ. ಟೆಕೊ ಎಂಬ ಹಳೆಯ ಎಡಿಟರಿಗೆ ಅಲ್ಲಿನವರು ಬರೆದುಕೊಂಡಿದ್ದ ತರಹೇವಾರಿ ಮ್ಯಾಕ್ರೋಗಳನ್ನು ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ಒಂದೆಡೆ ಸೇರಿಸಿ ರೂಪ ಕೊಟ್ಟರು. ಇಂದು ಬಳಕೆಯಲ್ಲಿರುವ ಗ್ನೂ ಈಮ್ಯಾಕ್ಸ್ 1985ರದ್ದು. ಅದರ ಒಡಲಿನ ಬಹುಪಾಲು ಲಿಸ್ಪ್ ಭಾಷೆ. ಉಳಿದ ತಂತ್ರಾಂಶಗಳಲ್ಲಿ ಸೆಟ್ಟಿಂಗ್ ಎಂದರೆ ಒಂದಷ್ಟು ಚೌಕಗಳಿಗೆ ಟಿಕ್ ಹಾಕುವುದು; ಇಲ್ಲಿ ಸೆಟ್ಟಿಂಗ್ ಎಂಬುದೇ ಒಂದು ಪ್ರೋಗ್ರಾಂ. ಎಡಿಟರು ತೆರೆದಾಗಲೆಲ್ಲ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಡೆಸುತ್ತದೆ. ಬರೆಯುವವನಿಗೆ ತಡೆಯೇ ಇಲ್ಲ. ಇದೇ ಎಡಿಟರಿನೊಳಗೆ ಟೆಟ್ರಿಸ್ ಆಟವಿದೆ, ಡಾಕ್ಟರ್ ಎಂದು ಕರೆದರೆ ಬಂದು ‘ನಿಮ್ಮ ಸಮಸ್ಯೆ ಏನು’ ಎಂದು ವಿಚಾರಿಸುವ ಮನೋವೈದ್ಯರೂ ಇದ್ದಾರೆ. ರಾಯರು ಅವರನ್ನು ಇನ್ನೂ ಕಂಡಿಲ್ಲ.

ರಾಯರ ಕಡತ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸೀನಿಯರ್ ಒಬ್ಬನಿಂದ ನಕಲು ಮಾಡಿಕೊಂಡದ್ದು. ಆ ಸೀನಿಯರ್ ಯಾರಿಂದ ತಂದನೋ ಶಿವನೇ ಬಲ್ಲ. ಆಮೇಲೆ ಪ್ರತಿ ಕಂಪನಿಯಲ್ಲೂ ಅದಕ್ಕೆ ಒಂದಿಷ್ಟು ಸಾಲು ಸೇರಿತು. ಪರ್ಲ್ ಬರೆಯುತ್ತಿದ್ದ ದಿನಗಳ ಇಂಡೆಂಟೇಶನ್ ನಿಯಮ ಅದರಲ್ಲಿದೆ, ಪರ್ಲ್ ಬಿಟ್ಟು ಯಾವ ಕಾಲವಾಯಿತೋ. ಎರಡು ಕಂಪನಿಗಳ ಹಿಂದಿನ ಮೂರನೇ ಮಹಡಿಯ ಪ್ರಿಂಟರಿನ ವಿಳಾಸವೂ ಇದೆ. ಇದು ಸಾಲದೆಂಬಂತೆ, ಮೆನುವಿನಿಂದ ಏನಾದರೂ ಬದಲಿಸಿ ಉಳಿಸಿದರೆ ಈಮ್ಯಾಕ್ಸ್ ತಾನೇ ಕಡತದೊಳಗೆ ಬಂದು ‘ಕಸ್ಟಮ್-ಸೆಟ್-ವೇರಿಯಬಲ್ಸ್’ ಎಂಬ ಕಂತೆಯನ್ನು ಬರೆದು ಹೋಗುತ್ತದೆ. ಅದರ ನೆತ್ತಿಯ ಮೇಲೆ ಎಚ್ಚರಿಕೆಯ ಟಿಪ್ಪಣಿ ಬೇರೆ: ಕೈಯಿಂದ ತಿದ್ದಿದರೆ ಕೆಡಬಹುದು, ಹುಷಾರು. ರಾಯರು ಅದನ್ನು ಕೈಯಿಂದಲೇ ತಿದ್ದುತ್ತಾರೆ.

ಇಷ್ಟಾದರೂ ಬಹಳ ಕಾಲ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ತಂದವನು ಹೊಸದಾಗಿ ಸೇರಿದ ಹುಡುಗ. ರಾಯರ ಹಿಂದೆ ನಿಂತಿದ್ದವನು ಸುಮ್ಮನೆ ಕೇಳಿಬಿಟ್ಟ: “ಸರ್, ಇದು ಓಪನ್ ಆಗೋಕೆ ಇಷ್ಟು ಹೊತ್ತು ಬೇಕಾ?”

ಈಮ್ಯಾಕ್ಸ್‌ನಲ್ಲಿ ‘ಈಮ್ಯಾಕ್ಸ್-ಇನಿಟ್-ಟೈಮ್’ ಎಂಬ ಆಜ್ಞೆಯಿದೆ. ತೆರೆಯಲು ಎಷ್ಟು ಸೆಕೆಂಡು ಹಿಡಿಯಿತೆಂದು ದಶಮಾಂಶ ಸಮೇತ ಹೇಳುತ್ತದೆ. ರಾಯರು ಅಂದು ಮೊದಲ ಸಲ ಅದನ್ನು ಕೇಳಿದರು. ಆರು ಸೆಕೆಂಡಿನ ಮೇಲೊಂದು ಚೂರು. ಏನನ್ನೂ ಓದದೆ ಬರಿಮೈಯಲ್ಲಿ ತೆರೆಯುವಂತೆ ‘-ಕ್ಯೂ’ ಹಾಕಿ ನೋಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅದಕ್ಕೆ ಕಾರಣವಿದೆ. ಈಮ್ಯಾಕ್ಸ್ ಕಟ್ಟುವಾಗಲೇ ಮುಖ್ಯವಾದ ಲಿಸ್ಪ್ ಕಡತಗಳನ್ನೆಲ್ಲ ಮೆಮೊರಿಗೆ ತುಂಬಿಕೊಂಡು, ಆ ಮೆಮೊರಿಯ ಚಿತ್ರವನ್ನೇ ಹಾಗೇ ಡಿಸ್ಕಿಗೆ ಉಳಿಸಿಟ್ಟಿರುತ್ತಾರೆ. ತೆರೆದಾಗ ಮತ್ತೆ ಓದುವ ಗೋಜಿಲ್ಲ. ಅಂದರೆ ಮಾಡಿದವರು ತಮ್ಮ ಪಾಲಿನ ಕೆಲಸವನ್ನು ಎಂದೋ ಮಾಡಿಟ್ಟಿದ್ದಾರೆ. ಆರು ಸೆಕೆಂಡೂ ರಾಯರ ಸ್ವಯಾರ್ಜಿತ.

ಅಂದಿನಿಂದ ರಾಯರ ಬಾಯಲ್ಲಿ ಮಿಲಿಸೆಕೆಂಡಿನ ಮಾತೇ. ಕ್ಯಾಂಟೀನಿನಲ್ಲಿ ಉಳಿದವರು ಸೈಟಿನ ಬೆಲೆ, ಮಕ್ಕಳ ಸ್ಕೂಲ್ ಫೀಸು ಮಾತಾಡುತ್ತಿದ್ದರೆ ಇವರು ‘ನಿನ್ನೆ ರಾತ್ರಿ ನೂರಿಪ್ಪತ್ತು ತೆಗೆದೆ’ ಎನ್ನುತ್ತಾರೆ. ಕೇಳಿದವರು ಎಟಿಎಂ ಎಂದುಕೊಳ್ಳುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ಅವರು ಕಲಿತ ಮೊದಲ ಪಾಠ ಸರಿಯಾದದ್ದೇ. ಪ್ಯಾಕೇಜು ಎಂಬ ಐವತ್ತು ಹೆಚ್ಚುವರಿ ಸಾಮಗ್ರಿಗಳನ್ನು ಬೆಳಗ್ಗೆಯೇ ತಂದು ಗುಡ್ಡೆ ಹಾಕುವ ಬದಲು, ಮದುವೆಯೂಟದಲ್ಲಿ ಪಾಯಸ ಅದರ ಸರದಿಗೆ ಬರುವಂತೆ, ಕೇಳಿದಾಗಷ್ಟೇ ಒಂದೊಂದನ್ನು ತರಿಸುವುದು. ಆಜ್ಞೆಯ ಹೆಸರು ಮಾತ್ರ ಈಮ್ಯಾಕ್ಸ್‌ಗೆ ಗೊತ್ತಿರುತ್ತದೆ. ಮೊದಲ ಸಲ ಕರೆದಾಗ ಕಡತ ಲೋಡ್ ಆಗುತ್ತದೆ. ಇದನ್ನು ಅಚ್ಚುಕಟ್ಟಾಗಿ ಬರೆಯಲೆಂದು ಜಾನ್ ವೀಗ್ಲಿ ಮಾಡಿದ ‘ಯೂಸ್-ಪ್ಯಾಕೇಜ್’ ಈಗ ಈಮ್ಯಾಕ್ಸ್‌ನ ಜೊತೆಗೇ ಬರುತ್ತದೆ, 2023ರ 29ನೇ ಆವೃತ್ತಿಯಿಂದ. ಪೈಥಾನ್ ಕಡತ ತೆರೆದರೆ ಪೈಥಾನಿನ ಸಾಮಗ್ರಿ, ಗಿಟ್ ಬೇಕೆಂದರೆ ಗಿಟ್‌ನದು. ಇದೊಂದರಿಂದಲೇ ರಾಯರ ಆರು ಸೆಕೆಂಡು ಒಂದೂವರೆಗೆ ಇಳಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನಕ್ಕೆ ಅವರು ಸಿಗುತ್ತಿರಲಿಲ್ಲ.

ಮುಂದಿನದು ಕಂಡವರ ಕಡತದಿಂದ ಎತ್ತಿ ತಂದ ಮಂತ್ರಗಳ ಕಾಂಡ. 2020ರ 27ನೇ ಆವೃತ್ತಿಯಲ್ಲಿ ‘ಅರ್ಲಿ-ಇನಿಟ್’ ಎಂಬ ಎರಡನೇ ಕಡತ ಬಂತು. ವಿಂಡೋ ಮೂಡುವ ಮೊದಲೇ ಓದುವಂಥದ್ದು. ಟೂಲ್‌ಬಾರ್, ಮೆನುಬಾರ್ ಬೇಡವೆಂದು ಅಲ್ಲೇ ಹೇಳಿಬಿಟ್ಟರೆ ಅವನ್ನು ಬಿಡಿಸಿ ಆಮೇಲೆ ಅಳಿಸುವ ದಂಡದ ಕೆಲಸ ತಪ್ಪುತ್ತದೆ. ರಾಯರಿಗೆ ಒಂದು ಕಡತ ಇದ್ದದ್ದು ಎರಡಾದ ಸಂತೋಷ. ಅದರಲ್ಲಿ ಮೊದಲು ಹಾಕಿದ್ದು ಕಸ ಗುಡಿಸುವ ಲೆಕ್ಕ. ಈಮ್ಯಾಕ್ಸ್ ಸಾಮಾನ್ಯವಾಗಿ ಸುಮಾರು 800 ಕೆಬಿಯಷ್ಟು ಹೊಸ ಮೆಮೊರಿ ಬಳಸಿದ ಮೇಲೆ, ಕೆಲಸಕ್ಕೆ ಬಾರದ್ದನ್ನು ಗುಡಿಸಿ ಹಾಕಲು ಒಂದು ಕ್ಷಣ ನಿಲ್ಲುತ್ತದೆ. ತೆರೆಯುವ ಹೊತ್ತಿನಲ್ಲಿ ಹೀಗೆ ಹಲವು ಸಲ ನಿಂತು ತಡವಾಗುತ್ತದೆ. ಅದಕ್ಕೇ ‘ಜಿಸಿ-ಕಾನ್ಸ್-ಥ್ರೆಶೋಲ್ಡ್’ ಎಂಬ ಮಿತಿಯನ್ನು ಆರಂಭದಲ್ಲಿ ಸಾಧ್ಯವಾದಷ್ಟು ದೊಡ್ಡ ಸಂಖ್ಯೆಗೆ ಏರಿಸಿ, ತೆರೆದಾದ ಮೇಲೆ ಇಳಿಸುವುದು ವಾಡಿಕೆ.

ರಾಯರು ಏರಿಸಿದರು. ಇಳಿಸುವ ಸಾಲನ್ನು ನಕಲು ಮಾಡುವಾಗ ಬಿಟ್ಟರು.

ಮೊದಲ ದಿನ ಸ್ವರ್ಗ. ಗುಡಿಸುವವರೇ ಇಲ್ಲದ ಮೇಲೆ ನಿಲ್ಲುವ ಪ್ರಶ್ನೆ ಎಲ್ಲಿ? ಎರಡನೇ ದಿನವೂ ಓಡಿತು. ಮೂರನೇ ದಿನ ವಿದೇಶದ ಗ್ರಾಹಕರೊಂದಿಗೆ ಮೀಟಿಂಗು, ರಾಯರು ಪರದೆ ಹಂಚಿಕೊಂಡು ಒಂದು ದೊಡ್ಡ ಲಾಗ್ ಕಡತ ತೆರೆದರು. ಲ್ಯಾಪ್‌ಟಾಪಿನ ಫ್ಯಾನು ಜೋರಾಯಿತು. ಕರ್ಸರ್ ನಿಂತಿತು. ಆಮೇಲೆ ಧ್ವನಿ ನಿಂತಿತು, ಕೊನೆಗೆ ರಾಯರ ಮುಖವೂ ಬಾಯಿ ತೆರೆದ ಭಂಗಿಯಲ್ಲೇ ಎಲ್ಲರ ಪರದೆಯ ಮೇಲೆ ಸ್ತಬ್ಧವಾಯಿತು. ಈಮ್ಯಾಕ್ಸ್ ಎಂಬ ಹೆಸರಿನ ಅಕ್ಷರಗಳನ್ನು ಬಿಡಿಸಿ ‘ಎಂಟು ಮೆಗಾಬೈಟ್, ಸದಾ ಸ್ವ್ಯಾಪಿಂಗ್’ ಎಂದು ಹಿಂದಿನವರು ಗೇಲಿ ಮಾಡುತ್ತಿದ್ದರು. ಎಂಟು ಮೆಗಾಬೈಟನ್ನು ಇಂದು ಬ್ರೌಸರಿನ ಒಂದು ಟ್ಯಾಬ್ ಸದ್ದಿಲ್ಲದೆ ನುಂಗುತ್ತದಾದ್ದರಿಂದ ಆ ಗೇಲಿಗೆ ಈಗ ಅರ್ಥ ಉಳಿದಿಲ್ಲ. ರಾಯರು ಅದನ್ನು ಗಿಗಾಬೈಟಿನಲ್ಲಿ ಪುನಃ ಪ್ರತಿಷ್ಠಾಪಿಸಿದರು.

ವೇಗದ ಹುಚ್ಚಿನಲ್ಲಿ ಮರೆತುಹೋಗುವುದು ನಂಬಿಕೆಯ ಪ್ರಶ್ನೆ. ಇನಿಟ್ ಕಡತದ ನಡುವೆ ಒಂದು ಸಾಲು ಎಡವಿದರೆ ಅದರ ಕೆಳಗಿನದ್ಯಾವುದೂ ನಡೆಯುವುದಿಲ್ಲ. ಒಂದು ರಾತ್ರಿ ಪ್ಯಾಕೇಜುಗಳನ್ನೆಲ್ಲ ಒಟ್ಟಿಗೆ ಅಪ್‌ಡೇಟ್ ಮಾಡಿ ಮಲಗಿದ ರಾಯರು ಬೆಳಗ್ಗೆ ತೆರೆದರೆ, ಕಣ್ಣು ಕುಕ್ಕುವ ಬಿಳಿ ಪರದೆ, ಅದರ ಮೇಲೊಂದು ಎಚ್ಚರಿಕೆಯ ಪಟ್ಟಿ. ಅವರ ಶಾರ್ಟ್‌ಕಟ್‌ಗಳೊಂದೂ ಇಲ್ಲ. ಅದೇ ದಿನ ಸರ್ವರ್ ಕೆಡಬೇಕೆ! ಇಪ್ಪತ್ತು ವರ್ಷದ ಅನುಭವಸ್ಥರು ಹೊಸಬರಂತೆ ಒಂದೊಂದೇ ಕೀಲಿ ಹುಡುಕುತ್ತಿದ್ದರೆ, ಹುಡುಗ ಪಕ್ಕದಲ್ಲಿ ವಿಎಸ್ ಕೋಡ್ ತೆರೆದು ಸಮಸ್ಯೆ ಸರಿಪಡಿಸಿಯೂ ಆಗಿತ್ತು. ‘--ಡೀಬಗ್-ಇನಿಟ್’ ಎಂದು ಸೇರಿಸಿ ತೆರೆದಿದ್ದರೆ ಎಡವಿದ ಜಾಗ ಗೊತ್ತಾಗುತ್ತಿತ್ತು. ಅದೂ ಅರ್ಥವಾಗದಿದ್ದರೆ ಅರ್ಧ ಕಡತವನ್ನು ಮುಚ್ಚಿ ನೋಡುವುದು, ಉಳಿದರ್ಧದಲ್ಲಿ ಮತ್ತೆ ಅರ್ಧ. ಸಾವಿರ ಸಾಲಿದ್ದರೂ ಹತ್ತು ಸಲದೊಳಗೆ ತಪ್ಪಿತಸ್ಥ ಸಾಲು ಸಿಕ್ಕಿಬೀಳುತ್ತದೆ. ಮೆನು ಬರೆಯುವ ಕಂತೆಗೆ ಬೇರೆ ಕಡತ ತೋರಿಸಿ, ಎಲ್ಲವನ್ನೂ ಗಿಟ್‌ನಲ್ಲಿಟ್ಟು, ಅಪ್‌ಡೇಟನ್ನು ಶನಿವಾರಕ್ಕೆ ಮುಂದೂಡಿದರೆ ಇಂಥ ಬೆಳಗುಗಳೇ ಬರುವುದಿಲ್ಲ. ಆದರೆ ಇವೆಲ್ಲ ಸಪ್ಪೆ ಕೆಲಸ. ‘ಈ ತಿಂಗಳು ಒಮ್ಮೆಯೂ ಕೆಡಲಿಲ್ಲ’ ಎಂದು ತೋರಿಸುವ ಆಜ್ಞೆ ಇಲ್ಲವಲ್ಲ.

ಕನ್ನಡಕ್ಕೂ ಈ ಬಿಸಿ ತಟ್ಟಿತು. ಈಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಹೊರಗಿನ ಯಾವ ತಂತ್ರಾಂಶವೂ ಬೇಕಿಲ್ಲ. ಕನ್ನಡ-ಐಟ್ರಾನ್ಸ್, ಕನ್ನಡ-ಇನ್‌ಸ್ಕ್ರಿಪ್ಟ್ ಎರಡೂ ಅದರಲ್ಲೇ ಇವೆ. ಲೋಕದ ಭಾಷೆಗಳ ನಮಸ್ಕಾರಗಳನ್ನು ಪಟ್ಟಿ ಮಾಡಿರುವ ‘ಹಲೋ’ ಕಡತದಲ್ಲಿ ನಮ್ಮ ‘ನಮಸ್ಕಾರ’ವೂ ಇದೆ. 27ನೇ ಆವೃತ್ತಿಯಲ್ಲಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಸೇರಿದ ಮೇಲೆ ಒತ್ತಕ್ಷರಗಳೂ ಲಕ್ಷಣವಾಗಿ ಕೂರುತ್ತವೆ. ರಾಯರು ಆಫೀಸಿನ ಕನ್ನಡ ಬಳಗದ ಕಾರ್ಯದರ್ಶಿ. ಕನ್ನಡಕ್ಕೆ ಇಂಥದ್ದೇ ಫಾಂಟ್ ಬಳಸು ಎಂದು ಹೇಳುವ ಸಾಲು ಕೆಲವು ಮಿಲಿಸೆಕೆಂಡು ತಿನ್ನುತ್ತದೆಂದು ತಿಳಿದ ಕೂಡಲೇ ಅದನ್ನು ಕಿತ್ತೆಸೆದರು. ಅಕ್ಟೋಬರ್ ಕೊನೆಯಲ್ಲಿ ರಾಜ್ಯೋತ್ಸವದ ಆಹ್ವಾನ ಬರೆಯಲು ಕೂತರೆ, ಮೊದಲ ಅಕ್ಷರಕ್ಕೇ ಈಮ್ಯಾಕ್ಸ್ ಫಾಂಟ್ ಹುಡುಕುತ್ತ ನಿಂತಿತು. ಕೊನೆಗೆ ಯಾವುದೋ ಒಂದನ್ನು ಹಿಡಿದು ತಂದಿತು. ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಸಾಲುಗಳು ಒಂದೂವರೆ ಪಟ್ಟು ಎತ್ತರಕ್ಕೆ ಎದ್ದು ನಿಂತವು. ‘ರಾಜ್ಯೋತ್ಸವಕ್ಕೆ ಇಷ್ಟಾದರೂ ಎತ್ತರ ಬೇಡವೇ’ ಎಂದು ಬಳಗದವರು ಸಮಾಧಾನ ಹೇಳಿದರು.

ಅಂತೂ ಒಂದು ಸಂಜೆ ಅಂಕಿ 0.4ಕ್ಕೆ ಬಂತು. ರಾಯರು ಹುಡುಗನನ್ನು ಕರೆದು ತೋರಿಸಿದರು.

“ಸೂಪರ್ ಸರ್. ದಿನಕ್ಕೆ ಎಷ್ಟು ಸಲ ಓಪನ್ ಮಾಡ್ತೀರಿ?”

ರಾಯರು ಉತ್ತರಿಸಲಿಲ್ಲ. ಆ ಹುಡುಗ ಎಲ್ಲಿಂದಲೋ ಕಲಿತುಬಂದಿದ್ದ ‘ಈಮ್ಯಾಕ್ಸ್-ಅಪ್‌ಟೈಮ್’ ಎಂಬ ಇನ್ನೊಂದು ಆಜ್ಞೆಯನ್ನು ತಾನೇ ಟೈಪ್ ಮಾಡಿದ, ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಎಂದು ನೆನಪಿಟ್ಟುಕೊಂಡು. ಕೆಲಸಕ್ಕೆ ಬಳಸುವ ಈಮ್ಯಾಕ್ಸ್ ತೆರೆದು 41 ದಿನವಾಗಿತ್ತು. ರಾಯರು ಈಗೀಗ ಅದನ್ನು ಮುಚ್ಚುವುದೇ ಇಲ್ಲ. ಹಿನ್ನೆಲೆಯಲ್ಲಿ ಡೀಮನ್ ಆಗಿ ಸದಾ ಓಡುತ್ತಿರುತ್ತದೆ, ಬೇಕೆಂದಾಗ ಈಮ್ಯಾಕ್ಸ್-ಕ್ಲೈಂಟ್ ತಕ್ಷಣ ಒಂದು ವಿಂಡೋ ಕೊಡುತ್ತದೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತಿದ್ದದ್ದು ಅಳತೆಗೆಂದೇ ಇಟ್ಟುಕೊಂಡ ಎರಡನೇ ಈಮ್ಯಾಕ್ಸ್.

ಅವಮಾನಕ್ಕೋ ವೈರಾಗ್ಯಕ್ಕೋ, ಮರುದಿನ ರಾಯರು ದಿವಾಳಿ ಘೋಷಿಸಿದರು. ಈಮ್ಯಾಕ್ಸ್ ಬಳಗದಲ್ಲಿ ಇದು ಗೌರವದ ಸಂಪ್ರದಾಯ: ಹಳೆಯ ಕಡತವನ್ನು ಪೂರ್ತಿ ಪಕ್ಕಕ್ಕಿಟ್ಟು ಖಾಲಿ ಹಾಳೆಯಿಂದ ಶುರು ಮಾಡುವುದು. ಈ ಸಲ ಬರೆಯುವ ಪ್ರತಿ ಸಾಲಿಗೂ ಕಾರಣ ಬರೆದಿಡಬೇಕೆಂದು ಸಂಕಲ್ಪ ಮಾಡಿ ಆರ್ಗ್-ಮೋಡ್ ಹಿಡಿದರು. ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳಶಾಸ್ತ್ರಜ್ಞರು 2003ರಲ್ಲಿ ತಮ್ಮ ಟಿಪ್ಪಣಿ ಜೋಡಿಸಿಕೊಳ್ಳಲು ಶುರು ಮಾಡಿದ್ದು ಅದು. ಅದರಲ್ಲಿ ಗದ್ಯ, ಕೋಡ್ ಬೆರೆಸಿ ಬರೆದು ಕೋಡನ್ನಷ್ಟೇ ಹೊರತೆಗೆಯಬಹುದು. ತೆರೆಯುವಾಗಲೇ ಹೊರತೆಗೆಯಹೋದರೆ ಆರ್ಗ್ ಎಂಬ ದೊಡ್ಡ ಪ್ಯಾಕೇಜೇ ಲೋಡ್ ಆಗಿ ಉಳಿಸಿದ ಸಮಯವೆಲ್ಲ ಕೈಬಿಟ್ಟು ಹೋಗುತ್ತದೆ. ಅದನ್ನು ತಪ್ಪಿಸಲು ಮುಂಚೆಯೇ ಹೊರತೆಗೆದಿಡುವ ಬಗ್ಗೆ ರಾಯರು ಒಂದು ಅಧ್ಯಾಯ ಬರೆದಿದ್ದಾರೆ. ಈಗ ಒಟ್ಟು ಅರವತ್ತು ಪುಟವಾಗಿದೆ. ಪರಿವಿಡಿಯಿದೆ, ಅಡಿಟಿಪ್ಪಣಿಗಳಿವೆ, ಮೂರನೇ ಮಹಡಿಯ ಪ್ರಿಂಟರಿನ ಇತಿಹಾಸವೂ ಇದೆ.

ಮೊನ್ನೆ ಮ್ಯಾನೇಜರು ಮೇಜಿನ ಹತ್ತಿರ ಬಂದು, “ರಾಯರೇ, ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್ ಎಲ್ಲಿಗೆ ಬಂತು? ಎರಡು ಪುಟ ಆದ್ರೂ ಕೊಡಿ” ಎಂದರು.

ರಾಯರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಬರೆಯೋಕೆ ಎಲ್ಲಿ ಸಾರ್ ಟೈಮು?”