ಪ್ರಶ್ನೆ ನಲವತ್ತೇಳು

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಬಂದ ಜೀಪಿನಿಂದ ಸಂಶೋಧಕರು ಇಳಿದರು. ಕೈಯಲ್ಲಿ ಎಂಟು ಪುಟದ ಒಪ್ಪಿಗೆ ಪತ್ರ. ಕಟ್ಟೆಯ ಮೇಲೆ ಬಸುರಿ ಸೊಸೆ ತೊಗರಿ ಹಸನು ಮಾಡುತ್ತಿದ್ದಳು, ಪಕ್ಕದಲ್ಲಿ ಅತ್ತೆ.

“ಇಲ್ಲೊಂದು ಹೆಬ್ಬೆಟ್ಟು ಒತ್ತವ್ವಾ.”

“ಯಾತಕ್ರೀ ಸಾಹೇಬ್ರ? ರೇಷನ್ನಿಗಾ?”

“ಅಲ್ಲ, ಗರ್ಭಿಣಿಯರ ರಕ್ತಹೀನತೆಯ ಬಹುಆಯಾಮದ ಅಧ್ಯಯನ. ನೀನು ಸ್ವಇಚ್ಛೆಯಿಂದ ಒಪ್ಪಿದ್ದೀ ಅಂತ ಇದರಲ್ಲಿದೆ.”

“ನಾ ಒಪ್ಪಿದ್ದು ನನಗಿಂತ ಮೊದಲ ನಿಮಗ ಗೊತ್ತಾತೇನ್ರಿ!”

ಓದು ಬಾರದವರಿಗೆ ಅವರ ಭಾಷೆಯಲ್ಲೇ ವಿವರಿಸಬೇಕು, ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಸಾಕ್ಷಿಗೇನು, ಜೀಪಿನ ಡ್ರೈವರ್ ಇದ್ದನಲ್ಲ! ಈ ಚಾಳಿ ಹೊಸದೂ ಅಲ್ಲ. ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆ ನಡೆದಾಗ ಅನೇಕ ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

“ಪ್ರಶ್ನೆ 47. ಕಬ್ಬಿಣದ ಗುಳಿಗಿ ತಿಂತೀಯೇನವ್ವಾ?”

“ಬಿಟ್ಟೀನ್ರಿ. ಸಂಡಾಸ ಕರ್ರಗ ಆಗ್ತದ, ಅಂಜಿಕಿ ಬಂತು.”

ಸಂಶೋಧಕರು ‘ಅಜ್ಞಾನ’ ಎಂಬ ಚೌಕಕ್ಕೆ ಗುರುತು ಹಾಕಿದರು. ಮಲ ಕಪ್ಪಾಗುವುದು ಸಹಜ, ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು ಎಂಬ ಎರಡು ಮಾತಿಗೆ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ಅದನ್ನು ಆಮೇಲೆ ಹೇಳಿದವಳು ಊರಿನ ಆಶಾ ಕಾರ್ಯಕರ್ತೆ. ಒಂದು ನಿಮಿಷವೂ ಹಿಡಿಯಲಿಲ್ಲ.

“ಏನು ಗೊತ್ತಾತು ಅಂತ ನಮಗೂ ಹೇಳ್ತೀರೇನ್ರಿ?” ಅತ್ತೆ ಕೇಳಿದಳು.

“ಅಂತಾರಾಷ್ಟ್ರೀಯ ಜರ್ನಲ್‌ನಲ್ಲಿ ಬರ್ತದವ್ವಾ.”

“ಅದು ಕಮಲಾಪುರದಾಗ ಯಾವ ಅಂಗಡ್ಯಾಗ ಸಿಗ್ತದ್ರಿ?”

ಜೀಪು ಹೊರಟಿತು. ಹೆಬ್ಬೆಟ್ಟು ಕೇಳಿ ಬಂದವರನ್ನು ಓದುಗರಾದರೂ ಕೇಳಲಿ: ನನ್ನ ಹಿಮೋಗ್ಲೋಬಿನ್ ಎಷ್ಟು? ಬಸುರಿಗೆ ಅದು ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.