ಸಂಶೋಧಕರ ಪಳಗಿಸುವಿಕೆ: ಒಂದು ಮರ್ಕಟೀಯ ಮೀಮಾಂಸೆ

ಕಾಡಿನ ಮಂಗಗಳನ್ನು ಅಭ್ಯಸಿಸಿ ಬಂದವರೆಲ್ಲ ಮೊದಲ ಅಧ್ಯಾಯದಲ್ಲೇ 'ಹಿಂಡು ಕ್ರಮೇಣ ನಮಗೆ ಒಗ್ಗಿಕೊಂಡಿತು' ಎಂದು ಬರೆಯುತ್ತಾರೆ. ಇದು ಪೂರ್ವಪಕ್ಷ. ಒಗ್ಗಿದ್ದು ಸಂಶೋಧಕ, ಒಗ್ಗಿಸಿದ್ದು ಮಂಗ ಎಂಬುದು ನಮ್ಮ ಸಿದ್ಧಾಂತ.

ಪ್ರತ್ಯಕ್ಷ ಪ್ರಮಾಣವನ್ನೇ ತೆಗೆದುಕೊಳ್ಳಿ. ಕೋತಿಯನ್ನು ದುರುಗುಟ್ಟಿ ನೋಡಿದರೆ ಜಗಳಕ್ಕೆ ಕರೆದಂತಾಗುತ್ತದೆ. ಹಲ್ಲು ಕಾಣುವಂತೆ ಆಕಳಿಸಿದರೂ ಅಪಾರ್ಥವಾದೀತು. ಆದ್ದರಿಂದ ನಸುಕಿನಲ್ಲೆದ್ದು ಬಂದ ವಿದ್ವಾಂಸರು ಆಕಳಿಕೆ ನುಂಗಿಕೊಂಡು, ತಲೆ ತಗ್ಗಿಸಿ, ಹೊಸ ಸೊಸೆಯ ಹಾಗೆ ಕೂರುತ್ತಾರೆ. ಮಂಗ ಎದ್ದರೆ ಏಳುತ್ತಾರೆ, ನಡೆದರೆ ನಡೆಯುತ್ತಾರೆ, ಅದು ರಾತ್ರಿಯ ಮರ ಹತ್ತಿದ ಮೇಲಷ್ಟೇ ಬಿಡಾರಕ್ಕೆ ಮರಳುತ್ತಾರೆ. ನೌಕರಿಗೆ ಇದಕ್ಕಿಂತ ಬೇರೆ ಲಕ್ಷಣವನ್ನು ಯಾವ ಶಾಸ್ತ್ರ ಹೇಳಿದೆ?

ಜಪಾನಿನ ಕೋಶಿಮಾ ದ್ವೀಪದಲ್ಲಿ 1952ರಿಂದ ಸಂಶೋಧಕರು ಮಂಗಗಳಿಗೆ ಸಿಹಿಗೆಣಸು ಹಾಕತೊಡಗಿದರು. ಮರುವರ್ಷವೇ ಇಮೊ ಎಂಬ ಎಳೆಯ ಹೆಣ್ಣುಮಂಗ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ಹಿಂಡಿನ ಇತರರೂ ಕಲಿತರು. ಪ್ರಾಣಿಗಳಿಗೂ ಸಂಸ್ಕೃತಿಯಿದೆ ಎಂದು ಲೋಕ ಕೊಂಡಾಡಿತು. ನಾವು ಅದನ್ನು ಸರಬರಾಜುದಾರರ ಮೇಲಿನ ದೂರೆಂದು ಓದುತ್ತೇವೆ: ಗೆಣಸಿಗೆ ಮರಳು ಮೆತ್ತಿದೆ.

ಟಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್ ತಿಂಗಳುಗಟ್ಟಲೆ ಬೆಟ್ಟ ಹತ್ತಿಳಿದರೂ ಚಿಂಪಾಂಜಿಗಳು ಓಡಿಹೋಗುತ್ತಿದ್ದವು. ಕೊನೆಗೆ ಡೇವಿಡ್ ಗ್ರೇಬಿಯರ್ಡ್ ಎಂಬುದು ತಾನಾಗಿಯೇ ಅವರ ಬಿಡಾರಕ್ಕೆ ಬಂದು ಬಾಳೆಹಣ್ಣು ಎತ್ತಿಕೊಂಡು, ಪರಿಚಯ ಮಾಡಿಕೊಂಡಿತು. (ಚಿಂಪಾಂಜಿ ಮಂಗವಲ್ಲ, ಅದಕ್ಕೆ ಬಾಲವಿಲ್ಲ ಎಂಬ ಆಕ್ಷೇಪ ಸರಿಯೇ. ಬಾಳೆಹಣ್ಣಿನ ವಿಷಯದಲ್ಲಿ ಈ ಭೇದ ನಿಲ್ಲದು.)

ನಮ್ಮ ಸಿದ್ಧಾಂತಕ್ಕೆ ಕಂಟಕ ಬಂದಿರುವುದು ಧಾರವಾಡದಿಂದ. 1961ರಲ್ಲಿ ಕ್ಯೋಟೋದ ಯುಕಿಮಾರು ಸುಗಿಯಾಮಾ ಅಲ್ಲಿನ ಮುಸುವಗಳ ಬೆನ್ನುಹತ್ತಿದರು. ಹೊರಗಿನ ಗಂಡು ನುಗ್ಗಿ ಹಳೆಯ ಯಜಮಾನನನ್ನು ಓಡಿಸುವುದನ್ನೂ ಹಾಲುಮರಿಗಳನ್ನು ಕೊಲ್ಲುವುದನ್ನೂ ವರದಿ ಮಾಡಿದರು. ಇನ್ನೊಂದು ಹಿಂಡಿನಲ್ಲಿ, ಏನಾಗುತ್ತದೋ ನೋಡೋಣವೆಂದು, ಯಜಮಾನ ಗಂಡನ್ನು ತಾವೇ ತೆಗೆಸಿದರು. ನೌಕರ ಧಣಿಯನ್ನೇ ಎತ್ತಂಗಡಿ ಮಾಡಿದ ಈ ಪ್ರಸಂಗಕ್ಕೆ ನಮ್ಮಲ್ಲಿ ಸಮಾಧಾನವಿಲ್ಲ. ಮರಿಗಳ ಕೊಲೆ ರೋಗವೋ ತಂತ್ರವೋ ಎಂದು ಪಂಡಿತರು ದಶಕಗಟ್ಟಲೆ ಕಿತ್ತಾಡಿದರು. ಅಬು ಬೆಟ್ಟದ ಮುಸುವಗಳನ್ನು ನೋಡಿದ ಸಾರಾ ಹರ್ಡಿ, ತನ್ನ ಸಂತಾನ ಬೆಳೆಸಲು ಗಂಡು ಹೂಡುವ ತಂತ್ರವೆಂದರು. ತಾಯಿ ಮುಸುವಗಳ ಅಭಿಪ್ರಾಯ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ.

ಇಲ್ಲೊಂದು ಶಂಕೆ ಏಳಬಹುದು: ಮಂಗಗಳೇ ಸಂಶೋಧಕರನ್ನು ಅಭ್ಯಸಿಸುತ್ತಿದ್ದರೆ ಒಂದಾದರೂ ಪ್ರಬಂಧ ಬರೆಯಬೇಡವೇ? ಬರೆಯುವುದಕ್ಕೆ ಆಳು ಇಟ್ಟುಕೊಂಡವರು ತಾವೇ ಏಕೆ ಬರೆಯುತ್ತಾರೆ?