ಮ್ಯೂಟ್ ತೆಗೆದು ಆಮೆನ್ ಅನ್ನಿ

ಕರಾವಳಿಯ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ದೇವಾಲಯದ ಬೆಂಚುಗಳಿಗೆ ನಂಬರೂ ಇಲ್ಲ, ಪಹಣಿಯೂ ಇಲ್ಲ. ಆದರೂ ಯಾವ ಬೆಂಚು ಯಾವ ಮನೆಯವರದ್ದು ಅಂತ ಊರಿಗೇ ಗೊತ್ತು. ಹೊಸ ಸೊಸೆ ತಿಳಿಯದೆ ಇನ್ನೊಬ್ಬರ ಜಾಗದಲ್ಲಿ ಕೂತರೆ ಆರಾಧನೆ ಮುಗಿಯುವವರೆಗೂ ಅವಳ ಬೆನ್ನಿಗೆ ಬಿಡುವಿಲ್ಲ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಬಂದು ಬಿದ್ದದ್ದೂ ಭಾನುವಾರವೇ. ಅದರ ಹಿಂದೆಯೇ ಲಾಕ್‌ಡೌನ್ ಬಂತು, ಆರಾಧನೆ ಜೂಮ್‌ಗೆ ಹೋಯಿತು. ಅಲ್ಲಿ ಯಾರ ಪಕ್ಕ ಯಾರು ಅಂತ ತೀರ್ಮಾನಿಸುವುದು ಯಂತ್ರ. ಪಾಗಾರದ ತಕರಾರಿನಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮನೆಯವರು ಮೊದಲ ದಿನವೇ ಅಕ್ಕಪಕ್ಕದ ಚೌಕಗಳಲ್ಲಿ, ಕೆನ್ನೆಗೆ ಕೆನ್ನೆ ತಾಗುವ ಹಾಗೆ ಪ್ರತ್ಯಕ್ಷರಾದರು. ಸಭಾಪಾಲಕರು ಇಷ್ಟು ಪ್ರಸಂಗ ಮಾಡಿಯೂ ಆಗದ ಕೆಲಸ ಅದು.

ಹಾಡುವುದು ಮಾತ್ರ ಕೈಗೂಡಲಿಲ್ಲ. ಬಾಸೆಲ್ ಮಿಶನ್‌ನ ಮಿಶನರಿಗಳು ನಮ್ಮ ಹಿರಿಯರಿಗೆ ನಾಲ್ಕು ಧ್ವನಿಯಲ್ಲಿ ಹಾಡಲು ಕಲಿಸಿದ್ದರು, ಇಂಟರ್ನೆಟ್ಟು ಮನೆಗೊಂದು ಧ್ವನಿ ಮಾಡಿತು. ಒಬ್ಬೊಬ್ಬರ ಸ್ವರ ಒಂದೊಂದು ಕ್ಷಣ ತಡವಾಗಿ ತಲುಪುತ್ತದೆ. ಆರ್ಗನ್ ನುಡಿಸುವವರು ಹಾಡುವವರಿಗಾಗಿ ಕಾಯುತ್ತಾರೆ, ಹಾಡುವವರು ಆರ್ಗನ್ನಿಗಾಗಿ ಕಾಯುತ್ತಾರೆ. ಮೂರನೇ ಚರಣದ ಹೊತ್ತಿಗೆ ಎಲ್ಲರೂ ಬರೀ ಕಾಯುತ್ತಿರುತ್ತಾರೆ. ಕೊನೆಗೆ ಎಲ್ಲರನ್ನೂ ಮ್ಯೂಟ್ ಮಾಡಿ ಆರ್ಗನ್ನಿನವರ ಮನೆಯೊಂದನ್ನೇ ಕೇಳಿಸುವುದೆಂದು ಠರಾವಾಯಿತು. ಇದರಿಂದ ನನಗೆ ಪರಮ ಲಾಭ. ಕಾಯರಿನವರ ಕಣ್ಣಿಗೆ ಹೆದರಿ ಇಷ್ಟು ವರ್ಷ ತುಟಿ ಮಾತ್ರ ಅಲ್ಲಾಡಿಸುತ್ತಿದ್ದವನು ಮನೆಯ ಜಗಲಿಯಲ್ಲಿ ಗಂಟಲು ಬಿಟ್ಟು ಹಾಡಿದೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡದ್ದು ಕೊರೊನಾ ಭಯದಿಂದ ಎಂದೇ ನಾನು ನಂಬಿದ್ದೇನೆ.

ಪುಕ್ಕಟೆ ಜೂಮ್ 40 ನಿಮಿಷಕ್ಕೆ ಮುಗಿಯುತ್ತದೆ. ಇದನ್ನು ದೈವಯೋಜನೆ ಎಂದು ಕರೆದವರು ಸಂಡೇ ಸ್ಕೂಲಿನ ಮಕ್ಕಳು. ನಮ್ಮ ಹಿರಿಯರೊಬ್ಬರ ಪ್ರಾರ್ಥನೆ ಆದಿಕಾಂಡದಿಂದ ಹೊರಟು ಅರಸರು, ಪ್ರವಾದಿಗಳು, ಜಿಲ್ಲಾಡಳಿತವನ್ನೆಲ್ಲ ಹಾದು ಬರುವಂಥದ್ದು. ಒಂದು ಭಾನುವಾರ ಅವರು ಕೆಂಪು ಸಮುದ್ರದ ನಡುವೆ ಇರುವಾಗಲೇ ಪರದೆ ಕಪ್ಪಾಯಿತು. ಮತ್ತೆ ಸೇರಿಕೊಂಡಾಗ ಅರ್ಧ ಜನ ಇರಲಿಲ್ಲ, ಅವರು ಆಚೆ ದಡ ಸೇರಿ ನೀರುದೋಸೆ ತಿನ್ನುತ್ತಿದ್ದರು.

ಪ್ರಸಂಗದ ಹೊತ್ತಿನಲ್ಲಿ ನಿದ್ದೆ ಮಾಡುವವರ ಬಗ್ಗೆ ನನಗೆ ಅನುಕಂಪವಿದೆ. ತ್ರೋವದಲ್ಲಿ ಅಪೊಸ್ತಲ ಪೌಲ ನಡುರಾತ್ರಿಯವರೆಗೆ ಮಾತಾಡಿದಾಗ ಯೂತಿಖನೆಂಬ ಹುಡುಗ ತೂಕಡಿಸಿ ಮೂರನೇ ಅಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದಿದ್ದ. ಅವನನ್ನು ಬದುಕಿಸಿಕೊಂಡ ಮೇಲೆ ಪೌಲ ಬೆಳಗಾಗುವ ತನಕ ಮಾತು ಮುಂದುವರಿಸಿದನೇ ಹೊರತು ನಿಲ್ಲಿಸಲಿಲ್ಲ. ಸೋಫಾದ ಮೇಲೆ ಕೂತು ಆರಾಧಿಸುವವರಿಗೆ ಆ ಅಪಾಯವಿಲ್ಲ.

ಕಾಣಿಕೆ ಯುಪಿಐಗೆ ಬಂತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುಸ್ವಾಮಿ ಹೇಳಿದ್ದು ಸರಿ. ಈಗ ಎಡಗೈಗೆ ತಿಳಿಯದಿದ್ದರೂ ಖಜಾಂಚಿಗೆ ಹೆಸರು, ಮೊತ್ತ, ಹೊತ್ತು ಸಮೇತ ಟಿಂಗ್ ಅಂತ ತಿಳಿಯುತ್ತದೆ. ಆ ತಿಂಗಳುಗಳಲ್ಲಿ ಹತ್ತರ ನೋಟಿನ ಭಕ್ತರೆಲ್ಲ ನೂರಕ್ಕೆ ಏರಿದರು.

ದೂರ ಇದ್ದುಕೊಂಡು ಸಭೆ ನಡೆಸುವುದು ಹೊಸ ಕಷ್ಟವೇನಲ್ಲ. ಪೌಲ ಬರೆದದ್ದೆಲ್ಲ ದೂರದವರಿಗೇ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯನ್ನು ಓದಿ ಲವೊದಿಕೀಯಕ್ಕೂ ದಾಟಿಸಿ ಅಂತ ತಾನೇ ಹೇಳಿದ್ದಾನೆ. ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಆಧಾರವಚನ ಬೇಕೆ? ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಿಚಾರಿಸುತ್ತಾನೆ. ಅದರ ಬೆನ್ನಿಗೇ, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯನೂ ನುಸುಳಿ ತನ್ನದೊಂದು ವಂದನೆ ಸೇರಿಸುತ್ತಾನೆ. ಅಪ್ಪ ಮಾತಾಡುವಾಗ ಹಿಂದಿನಿಂದ ಮುಖ ತೂರಿಸುವ ಮಗನ ಜಾತಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಥೆ ಇನ್ನೂ ಬಿಗಿ. ಅವರ ಮಿಶನರಿಗಳ ಮದುವೆಗೂ ಬಾಸೆಲಿನ ಕಮಿಟಿಯ ಅಪ್ಪಣೆ ಬೇಕಿತ್ತು. ಕಾಗದ ಹಡಗು ಹತ್ತಿ ಹೋಗಿ ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಎಷ್ಟೋ ಸಲ ಉತ್ತರದ ಜೊತೆಗೆ ವರ ಎಂದೂ ನೋಡಿರದ ವಧುವೇ ಬಂದಿಳಿಯುತ್ತಿದ್ದಳು. ‘ನೆಟ್ ಸ್ಲೋ’ ಅಂತ ಗೊಣಗುವ ನಾವು ಅವರ ಮುಂದೆ ಬಾಯಿ ಬಿಡಬಾರದು.

ಇಷ್ಟಾಗಿಯೂ ಸಭೆಯನ್ನು ಸಭೆಯಾಗಿ ಹಿಡಿದಿಟ್ಟದ್ದು ಪರದೆಯಲ್ಲ, ನಮ್ಮ ಸ್ತ್ರೀಯರ ಅನ್ಯೋನ್ಯಕೂಟದ ಹಳೆಯ ಸದಸ್ಯೆಯೊಬ್ಬರು. ಅವರ ಹತ್ತಿರ ಸ್ಮಾರ್ಟ್‌ಫೋನೇ ಇರಲಿಲ್ಲ. ದೇವಾಲಯದಲ್ಲಿ ಅವರು ಕೂರುತ್ತಿದ್ದದ್ದು ಕಟ್ಟಕಡೆಯ ಬೆಂಚಿನಲ್ಲಿ. ಭಕ್ತಿಯ ವಿನಯ ಎಂದುಕೊಂಡಿದ್ದೆವು. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ, ಯಾರು ಬಂದಿಲ್ಲ ಅಂತ ಎಣಿಸಲು ಸುಲಭ! ಈಗ ಮೊಮ್ಮಗಳ ಫೋನಿನಲ್ಲಿ ಆರಾಧನೆ ನೋಡಿ ಸೋಮವಾರ ಬೆಳಗ್ಗೆ ಲ್ಯಾಂಡ್‌ಲೈನಿಗೆ ಕೂರುತ್ತಿದ್ದರು. “ನಿನ್ನೆ ನಿಮ್ಮ ಮನೆಯ ಡಬ್ಬಿ ಕಪ್ಪಿತ್ತಲ್ಲ, ಜ್ವರವಾ?” ಹಲ್ಲುಜ್ಜದೆ ಕೂತಿದ್ದಕ್ಕೆ ಕ್ಯಾಮೆರಾ ಮುಚ್ಚಿದ್ದೆ ಅಂತ ಯಾವ ಬಾಯಲ್ಲಿ ಹೇಳುವುದು? ಆದರೆ ಎರಡು ಮನೆಗಳಲ್ಲಿ ನಿಜವಾಗಿಯೂ ಜ್ವರವಿತ್ತು. ಅವರು ಫೋನು ಇಟ್ಟ ಅರ್ಧ ಗಂಟೆಗೆ ಯುವಕರು ಆ ಮನೆಗಳ ಗೇಟಿಗೆ ಗಂಜಿ ಅಕ್ಕಿ, ಮಾತ್ರೆ ತೂಗುಹಾಕಿ ಬಂದರು. ಬಿಷಪರ ಸುತ್ತೋಲೆಗೂ ಆ ವೇಗ ಇಲ್ಲ.

ಮುಂದೆ ಬೆಳೆಹಬ್ಬ ಬಂತು. ಬೆಳೆಹಬ್ಬವೆಂದರೆ ಏಲಂ. ಹಿತ್ತಿಲಲ್ಲಿ ಬೆಳೆದದ್ದನ್ನು ದೇವರಿಗೆ ಕೊಡುವುದು, ಆಮೇಲೆ ಅದನ್ನೇ ಪೈಪೋಟಿಯಲ್ಲಿ ಕೊಂಡು ಸಭೆಗೆ ದುಡ್ಡು ಮಾಡುವುದು. ಆ ಸಲ ಮೊಬೈಲಿನಲ್ಲಿ ಏಲಂ ಮಾಡಿದ್ದರಿಂದ ಗಲ್ಫಿನವರೂ ಕೂಗಿದರು. ಒಂದು ಮಂಗಳೂರು ಸೌತೆಕಾಯಿಗೆ ದುಬೈ ಐನೂರು ಅಂದಿತು, ಕುವೈತ್ ಸಾವಿರ ಅಂದಿತು, ಊರಿನವರು ಬಾಯಿ ಮುಚ್ಚಿ ನೋಡಿದರು. ಮೂರು ಸಾವಿರಕ್ಕೆ ಕುವೈತ್ ಗೆದ್ದಿತು. ಕಾಯಿಯನ್ನು ಕುವೈತಿಗೆ ಕಳಿಸುವುದು ಹೇಗೆ? “ಅಮ್ಮನಿಗೆ ಕೊಡಿ,” ಅಂದ ಕುವೈತಿನ ಹುಡುಗ. ಯುವಕರು ಒಯ್ದು ಕೊಟ್ಟರು. ಆ ಕಾಯಿಯನ್ನು ಬೆಳಗ್ಗೆ ಏಲಂಗೆ ಕಳಿಸಿದ್ದವಳೂ ಅವಳೇ. ತಿರುಗಿಸಿ ನೋಡಿ ತನ್ನದೇ ಎಂದು ಗುರುತು ಹಿಡಿದು ಮಗನಿಗೆ ಫೋನ್ ಹಚ್ಚಿದಳು: “ಹಿತ್ತಿಲಲ್ಲಿ ಇನ್ನೂ ಆರಿದೆ ಮಾರಾಯ, ಒಂದು ಮಾತು ಕೇಳಬಾರದಿತ್ತಾ?”